ಜಲನೇತಿ: ಉರಿ, ಕಿವಿನೋವು, ತಲೆಭಾರವಿಲ್ಲದೆ ಮನೆಯಲ್ಲೇ ಮೂಗು ತೊಳೆಯುವ ಕ್ರಮ

ಯೋಗ ಶಿಬಿರದಲ್ಲಿ ಸಲೀಸಾಗಿ ಆದ ಜಲನೇತಿ ಮನೆಯ ಬಚ್ಚಲಿನಲ್ಲಿ ಕೈಕೊಡುತ್ತದೆ ಎಂಬ ದೂರು ಬಹಳ ಜನರದು. ನೀರು ಇನ್ನೊಂದು ಹೊಳ್ಳೆಯಿಂದ ಹೊರಬರುವ ಬದಲು ಗಂಟಲಿಗೆ ಇಳಿಯುತ್ತದೆ, ಮೂಗು ಉರಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಣೆ ಭಾರವಾಗುತ್ತದೆ. ನಾಲ್ಕು ದಿನ ನೋಡಿ, ನೇತಿ ಪಾತ್ರೆಯನ್ನು ಅಟ್ಟಕ್ಕೆ ಸೇರಿಸುತ್ತಾರೆ.

ತಲೆ ಬಾಗಿಸಿದ್ದು ಸರಿಯಾಗಲಿಲ್ಲವೇನೋ ಎಂದು ಹೆಚ್ಚಿನವರು ಅನುಮಾನಪಡುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಶಿಬಿರದಲ್ಲಿ ನೀರು ಕಾಯಿಸಿ, ಉಪ್ಪು ಅಳೆದು ಕೊಡುವವರು ಬೇರೆಯವರು. ಮುಗಿದ ಮೇಲೆ ಮೂಗನ್ನು ಒಣಗಿಸುವವರೆಗೂ ಬಿಡದೆ ಎದುರಿಗೆ ನಿಲ್ಲುವವರೂ ಅವರೇ. ಮನೆಗೆ ಬಂದ ಮೇಲೆ ತಪ್ಪಿಹೋಗುವುದು ಈ ಎರಡು ಕೆಲಸಗಳೇ. ಆದ್ದರಿಂದ ಈ ಬರಹದಲ್ಲಿ ಮೂಗಿಗೆ ನೀರು ಸುರಿಯುವ ಎರಡು ನಿಮಿಷಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ಕೆಲಸಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

## ಹಂತ 1: ಯಾರು ಮಾಡಬಾರದು ಎಂಬುದನ್ನು ಮೊದಲು ನೋಡಿಕೊಳ್ಳಿ

ಮೂಗು, ಸೈನಸ್ ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ, ಮುಖದ ಮೂಳೆಗೆ ಪೆಟ್ಟಾಗಿದ್ದರೆ, ಕಿವಿ ಸೋರುತ್ತಿದ್ದರೆ ಅಥವಾ ನೋಯುತ್ತಿದ್ದರೆ, ಪದೇಪದೇ ಮೂಗಿನಿಂದ ರಕ್ತ ಬರುವ ಪ್ರಕೃತಿಯಿದ್ದರೆ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಕೂಡ ಮೊದಲು ತಮ್ಮ ವೈದ್ಯರ ಒಪ್ಪಿಗೆ ಪಡೆಯಬೇಕು. ಚಿಕ್ಕ ಮಕ್ಕಳಿಗೆ ಹಿರಿಯರು ಬಲವಂತವಾಗಿ ಮಾಡಿಸುವುದಂತೂ ಕೂಡದು. ಹೆದರಿದ ಮಗು ಉಸಿರೆಳೆದುಕೊಂಡರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ.

ಮೂಗಿನ ಎರಡೂ ಬದಿ ಪೂರ್ತಿ ಕಟ್ಟಿರುವ ದಿನವೂ ಬೇಡ. ಕಟ್ಟಿದ ಮೂಗನ್ನು ಬಿಡಿಸುವುದಕ್ಕೆಂದೇ ಅನೇಕರು ಜಲನೇತಿಯ ಬೆನ್ನು ಹತ್ತುತ್ತಾರೆ, ಆದರೆ ಹೊರಹೋಗಲು ದಾರಿಯಿಲ್ಲದ ನೀರು ಕಿವಿಯ ಕಡೆಗೆ ಒತ್ತುತ್ತದೆ. ಒಂದು ಹೊಳ್ಳೆಯಾದರೂ ಚೆನ್ನಾಗಿ, ಇನ್ನೊಂದು ಅಲ್ಪಸ್ವಲ್ಪವಾದರೂ ಉಸಿರಾಡುತ್ತಿರಬೇಕು.

## ಹಂತ 2: ಬೇಕಾದ ಸಾಮಾನು

ಮೂತಿಯುಳ್ಳ ನೇತಿ ಪಾತ್ರೆ, ಮುಚ್ಚಳವಿರುವ ಸ್ಟೀಲ್ ಪಾತ್ರೆ, ಅಳತೆಯ ಚಮಚ ಅಥವಾ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಉಪ್ಪು, ಒಂದು ಒಗೆದ ಟವೆಲ್ಲು. ಇಷ್ಟು ಸಾಕು.

ಪಾತ್ರೆ ಸ್ಟೀಲಿನದೋ ಪಿಂಗಾಣಿಯದೋ ಆಗಿರಲಿ. ಅಂಗಡಿಯಲ್ಲಿ ತಾಮ್ರದ ನೇತಿ ಪಾತ್ರೆ ನೋಡಲು ಚೆಂದ, ಆದರೆ ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ. ಒಳಗೆ ಹಸಿರು ಕಿಲುಬು ಕಟ್ಟಿದರೆ ಮೂತಿಯೊಳಗೆ ಕೈ ಹೋಗದ ಜಾಗದಲ್ಲಿ ಅದು ಕಾಣುವುದೂ ಇಲ್ಲ. ಪ್ಲಾಸ್ಟಿಕ್ಕಿನದನ್ನೇ ಬಳಸುವುದಾದರೆ ಮೂರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಮೂತಿಯ ತುದಿ ಹೊಳ್ಳೆಯೊಳಗೆ ತುರುಕುವಷ್ಟು ಸಣ್ಣದಾಗಿರದೆ, ಹೊಳ್ಳೆಯ ಬಾಯಿಗೆ ಮುಚ್ಚಳದಂತೆ ಕೂರುವಷ್ಟು ದಪ್ಪವಾಗಿರಬೇಕು. ಕೊಳ್ಳುವಾಗ ಮೂತಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚೂಪಾದ ಏಣಿದ್ದರೆ ಬಿಟ್ಟುಬಿಡಿ. ಒಂದು ಪಾತ್ರೆ ಒಬ್ಬರಿಗೆ ಮಾತ್ರ. ಗಂಡ ಹೆಂಡಿರ ನಡುವೆಯೂ ಹಂಚಿಕೆ ಬೇಡ.

## ಹಂತ 3: ನೀರು

ಇಡೀ ಕ್ರಮದಲ್ಲಿ ಜೀವಕ್ಕೆ ಸಂಬಂಧಿಸಿದ ಹಂತ ಇದೊಂದೇ. ಕುಡಿದ ನೀರಿನಲ್ಲಿ ಸೂಕ್ಷ್ಮಜೀವಿಗಳಿದ್ದರೆ ಹೊಟ್ಟೆಯ ಆಮ್ಲ ಅವುಗಳಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ಮೂಗಿನಲ್ಲಿ ಅಂಥ ಕಾವಲಿಲ್ಲ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಕುಡಿದರೆ ಅದು ಏನೂ ಮಾಡುವುದಿಲ್ಲ, ಮೂಗಿನ ಮೇಲ್ಭಾಗಕ್ಕೆ ತಲುಪಿದರೆ ವಾಸನೆಯ ನರದ ಗುಂಟ ಮೆದುಳಿಗೆ ಏರುತ್ತದೆ. ಈ ಸೋಂಕು ತೀರಾ ಅಪರೂಪ, ಆದರೆ ತಗುಲಿದವರಲ್ಲಿ ಬದುಕಿದವರು ಬಹಳ ಕಡಿಮೆ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ 2011ರಲ್ಲಿ ಇಬ್ಬರು ಹೀಗೆ ಸತ್ತದ್ದು ನಲ್ಲಿಯ ನೀರನ್ನು ನೇರವಾಗಿ ನೇತಿ ಪಾತ್ರೆಗೆ ತುಂಬಿ ಬಳಸಿದ್ದರಿಂದ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮೆದುಳು ಸೋಂಕಿನ ಪ್ರಕರಣಗಳು ವರದಿಯಾದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಮ್ಮ ಮನೆಗಳ ಸಂಪು, ಬಿಸಿಲಿಗೆ ಕಾಯುವ ಮಾಳಿಗೆಯ ಟ್ಯಾಂಕು ನೆನಪಾದರೆ ಸಾಕು, ನಲ್ಲಿ ನೀರನ್ನು ಏಕೆ ಬಳಸಬಾರದು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಹಾಗಾಗಿ ನಿಯಮ ಸರಳ: ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಕನಿಷ್ಠ 1 ನಿಮಿಷ ಕುದಿಯಬೇಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ನೀರು ಕಡಿಮೆ ಶಾಖದಲ್ಲೇ ಕುದಿಯುವುದರಿಂದ 3 ನಿಮಿಷ ಬೇಕು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಇರುವುದರಿಂದ ರಾಜ್ಯದೊಳಗೆ ಎಲ್ಲಿಯೂ ಈ ಚಿಂತೆಯಿಲ್ಲ. ಊಟಿಯಲ್ಲಿ ನೆಲೆಸಿರುವವರು ಮಾತ್ರ ಗಮನಿಸಬೇಕು. ಗುಳ್ಳೆ ಏಳುವುದು ಕುದಿಯಲ್ಲ. ಕಾಫಿಗೆ ಇಳಿಸುವ ಬಿಸಿಯೂ ಸಾಲದು. ಗೀಸರಿನ, ಸೋಲಾರಿನ ನೀರು ಎಷ್ಟೇ ಸುಡುತ್ತಿದ್ದರೂ ಕುದಿದ ನೀರಲ್ಲ.

ಫಿಲ್ಟರಿನ ನೀರು, ಆರ್‌ಒ ನೀರು, ಇಪ್ಪತ್ತು ಲೀಟರಿನ ಕ್ಯಾನ್ ನೀರು ಕುಡಿಯಲು ಯೋಗ್ಯವಾದರೂ ಅದನ್ನೂ ಕುದಿಸಿಯೇ ಬಳಸಬೇಕು. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಆರ್‌ಒ ನೀರನ್ನು ಕುದಿಸಿಕೊಂಡರೆ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದು ತಪ್ಪುತ್ತದೆ. ವಿದೇಶದಲ್ಲಿರುವವರಿಗೆ ಅಂಗಡಿಯಲ್ಲಿ ಡಿಸ್ಟಿಲ್ಡ್ ನೀರಿನ ಬಾಟಲಿ ಸುಲಭವಾಗಿ ಸಿಗುತ್ತದೆ, ಅದನ್ನು ನೇರವಾಗಿ ಬಳಸಬಹುದು. ಇಲ್ಲಿ ಅದೇ ಹೆಸರಿನಲ್ಲಿ ವಾಹನದ ಬ್ಯಾಟರಿಗೆ ಮಾರುವ ನೀರು ದೇಹಕ್ಕೆ ಬಳಸುವಂಥದ್ದಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದವರು ಎಡವುವ ಜಾಗ ಇನ್ನೊಂದಿದೆ. ಕುದಿಸಿದ ನೀರು ಇನ್ನೂ ಸುಡುತ್ತಿದೆ, ಆಫೀಸಿಗೆ ಹೊತ್ತಾಗುತ್ತಿದೆ, ಬೇಗ ಆರಲೆಂದು ಅರ್ಧ ಲೋಟ ನಲ್ಲಿ ನೀರು ಬೆರೆಸಿಬಿಡುತ್ತಾರೆ. ಅಲ್ಲಿಗೆ ಕುದಿಸಿದ್ದು ವ್ಯರ್ಥ. ಇದನ್ನು ತಪ್ಪಿಸಲು ಹಿಂದಿನ ರಾತ್ರಿಯೇ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ ಇಡಿ. ಬೆಳಿಗ್ಗೆ ಬೇಕಾದಷ್ಟನ್ನು ಬೆಚ್ಚಗೆ ಮಾಡಿಕೊಳ್ಳಿ. ಕುದಿಸಿ 24 ಗಂಟೆ ಕಳೆದ ನೀರನ್ನು ಚೆಲ್ಲಿ ಹೊಸದಾಗಿ ಕುದಿಸಿಕೊಳ್ಳಬೇಕು.

ನೀರಿನ ಬಿಸಿ ಮೈಬಿಸಿಯಷ್ಟಿರಬೇಕು, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಬೆರಳು ಅದ್ದಿ ನೋಡಬೇಡಿ, ಕುದಿಸಿದ ನೀರಿಗೆ ಕೈಯ ಕೊಳೆ ಸೇರುತ್ತದೆ. ಚಮಚದಿಂದ ನಾಲ್ಕು ಹನಿಯನ್ನು ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡರೆ ಬಿಸಿಯೂ ತಣುಪೂ ಅನ್ನಿಸಬಾರದು.

## ಹಂತ 4: ಉಪ್ಪಿನ ಅಳತೆ

ಮೂಗಿನ ಉರಿಗೆ ಕಾರಣ ಹೆಚ್ಚಾಗಿ ಉಪ್ಪಿನ ಅಳತೆಯೇ. ಹೆಚ್ಚಾದರೆ ಮಾತ್ರ ಉರಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಡಿಮೆಯಾದರೆ ಇನ್ನೂ ಜೋರಾಗಿ ಉರಿಯುತ್ತದೆ. ಈಜುವಾಗ ಮೂಗಿಗೆ ಕೆರೆಯ ನೀರು ಹೊಕ್ಕಾಗ ನೆತ್ತಿಯವರೆಗೆ ಚುಳುಕ್ ಎನ್ನುವುದು ಆ ನೀರಿನಲ್ಲಿ ಉಪ್ಪಿಲ್ಲದ್ದರಿಂದ. ರಕ್ತದ ಸಾಂದ್ರತೆಗೆ ಹೊಂದುವ ದ್ರಾವಣವೆಂದರೆ ಶೇಕಡಾ 0.9ರದು, ಅಂದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಅಷ್ಟಿದ್ದರೆ ಮೂಗಿನ ಒಳಪೊರೆಯ ಜೀವಕೋಶಗಳು ನೀರನ್ನು ಹೀರಿ ಊದಿಕೊಳ್ಳುವುದೂ ಇಲ್ಲ, ನೀರನ್ನು ಕಳೆದುಕೊಂಡು ಬತ್ತುವುದೂ ಇಲ್ಲ.

ಒಂದು ಸಲಕ್ಕೆ ಅರ್ಧ ಲೀಟರ್ ಸಾಕು, ಅದಕ್ಕೆ 4.5 ಗ್ರಾಂ. ಆದರೆ ಮನೆಯ ತಕ್ಕಡಿಗಳು ಇಷ್ಟು ಸಣ್ಣ ತೂಕವನ್ನು ನಂಬುವಂತೆ ತೋರಿಸುವುದಿಲ್ಲ. ಒಂದು ಲೀಟರಿಗೆ 9 ಗ್ರಾಂ ತೂಗಿ ಕರಗಿಸಿ, ಅರ್ಧವನ್ನು ಬೆಳಿಗ್ಗೆಗೆ ಬಳಸಿ, ಉಳಿದದ್ದನ್ನು ಸಂಜೆಗೆ ಮುಚ್ಚಿಡುವುದು ಜಾಣತನ. ತಕ್ಕಡಿ ಇಲ್ಲದಿದ್ದರೆ ಸಿರಪ್ ಬಾಟಲಿಯ ಜೊತೆ ಬರುವ ಗೆರೆಯಿರುವ ಮುಚ್ಚಳ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ 5 ಮಿ.ಲೀ. ಗೆರೆಯವರೆಗೆ ಸಮತಟ್ಟಾಗಿ ತುಂಬಿದ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಒಂದು ಲೀಟರಿಗೆ ಅಂಥ ಒಂದೂವರೆ ಅಳತೆ. ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರದವು, ಹಾಗಾಗಿ ಬರೇ ಚಮಚದ ಲೆಕ್ಕ ಹೇಳುವ ಸಲಹೆಗಳನ್ನು ನಂಬುವಂತಿಲ್ಲ. ಕಲ್ಲುಪ್ಪನ್ನು ಹರಳಾಗಿಯೇ ಅಳೆದರೆ ನಡುವೆ ಸಂದು ಉಳಿದು ತೂಕ ಕಡಿಮೆ ಬೀಳುತ್ತದೆ, ಪುಡಿ ಮಾಡಿಯೇ ಅಳೆಯಬೇಕು.

ಯಾವ ಉಪ್ಪು ಎಂಬ ಪ್ರಶ್ನೆಯೂ ಇದೆ. ಪೊಟ್ಟಣದ ಪುಡಿ ಉಪ್ಪಿನಲ್ಲಿ ಅಯೋಡಿನ್ನಿನ ಜೊತೆಗೆ ಗಂಟು ಕಟ್ಟದಂತೆ ಬೆರೆಸಿದ ಪದಾರ್ಥಗಳಿರುತ್ತವೆ, ಅವು ಕೆಲವರ ಮೂಗನ್ನು ಕೆರಳಿಸುತ್ತವೆ. ಬೇರೆ ಬೆರಕೆಯಿಲ್ಲದ ಕಲ್ಲುಪ್ಪು ವಾಸಿ, ಆದರೆ ಅದರಲ್ಲಿ ಮರಳಿನ ಕಣ, ಕಸ ಇದ್ದೇ ಇರುತ್ತದೆ. ಕಲ್ಲುಪ್ಪನ್ನು ಕುದಿಸುವ ಮೊದಲೇ ನೀರಿಗೆ ಹಾಕಿ ಕರಗಿಸಿ, ತೆಳು ಬಿಳಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿದರೆ ಉಪ್ಪಿನ ಕೊಳೆಯ ಚಿಂತೆಯೂ ತೀರುತ್ತದೆ. ಆಗ ಮುಚ್ಚಳ ಮುಚ್ಚಿಯೇ ಕುದಿಸಿ. ಒಲೆಯ ಮೇಲೆ ಮರೆತು ನೀರು ಇಂಗಿದರೆ ಉಪ್ಪಿನಂಶ ಏರುತ್ತದೆ. ಎಲ್ಲವೂ ಸರಿಯಿದ್ದೂ ಉರಿಯುವವರು ಅರ್ಧ ಲೀಟರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಬಹುದು. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಔಷಧಿ ಅಂಗಡಿಯಲ್ಲಿ ಮೂಗು ತೊಳೆಯುವ ಉಪ್ಪಿನ ಪೊಟ್ಟಣಗಳು ಅಳತೆ ಮಾಡಿಯೇ ಸಿಗುತ್ತವೆ, ಆದರೆ ಅದನ್ನು ಬೆರೆಸುವ ನೀರನ್ನು ಕುದಿಸುವ ಕೆಲಸ ಮಾತ್ರ ತಪ್ಪುವುದಿಲ್ಲ.

ತಯಾರಾದ ನೀರಿನ ಒಂದು ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡು ನೋಡಿ. ಕಣ್ಣೀರಿನ ಉಪ್ಪಿನಷ್ಟೇ ರುಚಿಯಿರಬೇಕು.

ಈ ನೀರಿಗೆ ಅರಿಶಿನ, ತುಳಸಿ ರಸ, ನಿಂಬೆರಸ, ಹಾಲು, ಎಣ್ಣೆ ಯಾವುದನ್ನೂ ಸೇರಿಸಬೇಡಿ. ಹೊಟ್ಟೆಗೆ ಹಿತವಾದದ್ದೆಲ್ಲ ಮೂಗಿನ ಒಳಪೊರೆಗೆ ಹಿತವಲ್ಲ. ಹೊಳ್ಳೆಗೆ ದಿನವೂ ಎಣ್ಣೆ ಬಿಟ್ಟುಕೊಳ್ಳುವ ಅಭ್ಯಾಸವನ್ನೂ ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಜೋಡಿಸಬಾರದು. ಎಣ್ಣೆ ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಉರಿಯೂತ ತರುವುದುಂಟು.

## ಹಂತ 5: ನಿಲುವು ಮತ್ತು ನೀರು ಹರಿಸುವುದು

ಎರಡೂ ಹೊಳ್ಳೆಗಳನ್ನು ಬೇರ್ಪಡಿಸುವ ಗೋಡೆ ಮೂಗಿನ ಹಿಂಭಾಗದಲ್ಲಿ ಕೊನೆಗೊಳ್ಳುತ್ತದೆ. ಒಂದು ಬದಿಯಿಂದ ಹೋದ ನೀರು ಆ ಗೋಡೆಯ ಹಿಂದೆ ಸುತ್ತುಹಾಕಿ ಇನ್ನೊಂದು ಬದಿಯಿಂದ ಹೊರಬರುತ್ತದೆ. ನೀರು ಹೋಗಬೇಕಾದ ದಿಕ್ಕು ಕಣ್ಣುಗಳ ಕಡೆಗೆ ಮೇಲಕ್ಕಲ್ಲ, ತಲೆಯ ಹಿಂಭಾಗದ ಕಡೆಗೆ. ಮೂಗಿನ ನೆಲ ಬಹುತೇಕ ಸಮತಟ್ಟಾಗಿರುತ್ತದೆ.

1. ಮೊದಲು ಎರಡೂ ಹೊಳ್ಳೆಗಳಿಂದ ಮೆಲ್ಲಗೆ ಸಿಂಬಳ ತೆಗೆಯಿರಿ. ಒಂದೊಂದಾಗಿ ಉಸಿರಾಡಿ ನೋಡಿ, ಹೆಚ್ಚು ತೆರೆದಿರುವ ಹೊಳ್ಳೆಯಿಂದ ಆರಂಭಿಸುವುದು ಯೋಗ ಕಲಿಸುವವರ ರೂಢಿ. ಮೊದಲ ಸಲದವರಿಗೆ ಅದೇ ಸುಲಭ.

2. ವಾಶ್‌ಬೇಸಿನ್ನಿನ ಮುಂದೆ ಕಾಲುಗಳನ್ನು ಸ್ವಲ್ಪ ಅಗಲಿಸಿ ನಿಂತು ಸೊಂಟದಿಂದ ಮುಂದಕ್ಕೆ ಬಾಗಿ. ಸೊಂಟ ನೋವಿನವರು ಬಚ್ಚಲಿನಲ್ಲಿ ಮಣೆಯ ಮೇಲೆ ಕೂತೂ ಮಾಡಬಹುದು.

3. ಒಂದು ಹೊಳ್ಳೆ ಇನ್ನೊಂದಕ್ಕಿಂತ ಮೇಲಿರುವಂತೆ ತಲೆಯನ್ನು ಪಕ್ಕಕ್ಕೆ ವಾಲಿಸಿ. ಹಣೆ ಮತ್ತು ಗದ್ದ ಒಂದೇ ಮಟ್ಟದಲ್ಲಿರಲಿ. ತಲೆ ಹಿಂದಕ್ಕೆ ಸರಿದರೆ ನೀರು ಗಂಟಲಿಗೆ ಬರುತ್ತದೆ, ಹಣೆ ತೀರಾ ಕೆಳಗಾದರೆ ಹಣೆಯ ಸೈನಸ್ಸಿನ ಕಡೆಗೆ ಹರಿದು ಆಮೇಲೆ ಭಾರ ಕಟ್ಟುತ್ತದೆ.

4. ಬಾಯಿ ತೆರೆದು ಬಾಯಿಯಿಂದಲೇ ಉಸಿರಾಡಲು ಆರಂಭಿಸಿ, ಆಮೇಲೆ ಮೂತಿಯನ್ನು ಮೇಲಿನ ಹೊಳ್ಳೆಗೆ ಒತ್ತಿ. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಮೂತಿ ಇಟ್ಟ ಮೇಲೆ ಬಾಯಿ ತೆರೆಯುವವರು ಗಾಬರಿಯಲ್ಲಿ ಮೂಗಿನಿಂದಲೇ ಒಂದು ಉಸಿರು ಎಳೆದುಬಿಡುತ್ತಾರೆ.

5. ಪಾತ್ರೆಯನ್ನು ನಿಧಾನವಾಗಿ ಎತ್ತಿ, ತನ್ನ ಭಾರಕ್ಕೆ ತಾನೇ ನೀರು ಹರಿಯಲು ಬಿಡಿ. ಕೆಲವು ಕ್ಷಣಗಳಲ್ಲಿ ಕೆಳಗಿನ ಹೊಳ್ಳೆಯಿಂದ ಮೊದಲು ಹನಿ, ಆಮೇಲೆ ಎಳೆಯಾಗಿ ನೀರು ಬೀಳುತ್ತದೆ. ಮೊದಲ ವಾರ ಒಂದು ಬದಿಗೆ ನೂರು ಮಿ.ಲೀ. ಸಾಕು, ರೂಢಿಯಾದ ಮೇಲೆ ಇನ್ನೂರೈವತ್ತರವರೆಗೆ.

6. ಒಂದು ಬದಿ ಮುಗಿದ ಮೇಲೆ ಪಾತ್ರೆ ತೆಗೆದು, ಎರಡೂ ಹೊಳ್ಳೆ ತೆರೆದಿಟ್ಟೇ ಮೆಲ್ಲಗೆ ಉಸಿರು ಹೊರಹಾಕಿ, ಇನ್ನೊಂದು ಬದಿಗೆ ಹೋಗಿ.

ನೀರು ಹರಿಯುತ್ತಿರುವಾಗ ಮಾತಾಡಬಾರದು, ನಗಬಾರದು, ಎಂಜಲು ನುಂಗಲೇಬಾರದು. ನುಂಗಿದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ತೆರೆದುಕೊಳ್ಳುತ್ತದೆ. ಕಿವಿಯಲ್ಲಿ ನೀರು ತುಂಬಿದಂತಾಗುವುದು ಹೆಚ್ಚಾಗಿ ಹೀಗೆಯೇ. ತಲೆ ಸರಿಯಾಗಿಟ್ಟರೂ ಗಂಟಲಿಗೆ ನೀರು ಇಳಿಯುತ್ತಿದ್ದರೆ ತೆರೆದ ಬಾಯಿಂದ ‘ಕಾ, ಕಾ’ ಎಂದು ಮೆಲ್ಲಗೆ ಉಸುರಿ. ಆ ಉಚ್ಚಾರಣೆಗೆ ಬಾಯಿಯ ಅಂಗುಳದ ಹಿಂಭಾಗ ಮೇಲೆದ್ದು ಮೂಗು ಮತ್ತು ಗಂಟಲಿನ ನಡುವಿನ ದಾರಿಯನ್ನು ಮುಚ್ಚುತ್ತದೆ. ಮಾತಾಡಬಾರದು ಎಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಅಲ್ಪಸ್ವಲ್ಪ ಬಾಯಿಗೆ ಬಂದರೆ ಉಗಿದುಬಿಡಿ, ಅಪಾಯವೇನಿಲ್ಲ.

ಪಾತ್ರೆ ಎಷ್ಟು ಎತ್ತಿದರೂ ನೀರು ಆಚೆ ಬರದಿದ್ದರೆ ಒತ್ತಡ ಹಾಕದೆ ಅಲ್ಲಿಗೇ ನಿಲ್ಲಿಸಿ. ಬೇರೆ ದಿನ ನೋಡಿ. ವಾರಗಟ್ಟಲೆ ಒಂದೇ ಬದಿ ಬಿಡದಿದ್ದರೆ ಮೂಗಿನ ನಡುಗೋಡೆ ಸೊಟ್ಟಗಿರಬಹುದು ಅಥವಾ ದುರ್ಮಾಂಸ ಬೆಳೆದಿರಬಹುದು. ಅದನ್ನು ಕಿವಿ ಮೂಗು ಗಂಟಲಿನ ವೈದ್ಯರು ನೋಡಬೇಕು, ಯಾವ ನೇತಿಯಿಂದಲೂ ಅದು ಸರಿಹೋಗುವುದಿಲ್ಲ.

## ಹಂತ 6: ಒಣಗಿಸುವುದು

ತಲೆಭಾರದ ದೂರು ಹುಟ್ಟುವುದು ಇಲ್ಲಿ. ಹರಿದುಹೋದಂತೆ ಕಂಡ ನೀರಿನಲ್ಲಿ ಸ್ವಲ್ಪ ಭಾಗ ಮೂಗಿನ ಮಡಿಕೆಗಳಲ್ಲಿ ಉಳಿಯುತ್ತದೆ. ಅರ್ಧ ಗಂಟೆಯ ಮೇಲೆ ಶೂ ಲೇಸು ಕಟ್ಟಲು ಬಗ್ಗಿದಾಗಲೋ ತಟ್ಟೆಗೆ ಸಾರು ಬಡಿಸುವಾಗಲೋ ಅದು ತಟಕ್ಕನೆ ಸುರಿಯುತ್ತದೆ. ಹಾಗೆ ಸುರಿದರೆ ಹಂತ 6 ಪೂರ್ತಿಯಾಗಿಲ್ಲ ಎಂದು ತಿಳಿಯಿರಿ.

ನಿಂತು ಸೊಂಟದಿಂದ ಬಾಗಿ, ತಲೆ ಇಳಿಬಿಟ್ಟು ಅರ್ಧ ನಿಮಿಷ ಹಾಗೆಯೇ ಇರಿ. ಬಾಗಿದಂತೆಯೇ ಮುಖವನ್ನು ಎಡಕ್ಕೆ ತಿರುಗಿಸಿ ಐದಾರು ಸಲ, ಬಲಕ್ಕೆ ತಿರುಗಿಸಿ ಐದಾರು ಸಲ, ನೆಟ್ಟಗೆ ಇಟ್ಟು ಐದಾರು ಸಲ ಮೂಗಿನಿಂದ ಚಿಕ್ಕದಾಗಿ ಉಸಿರು ಹೊರದೂಡಿ. ಎರಡೂ ಹೊಳ್ಳೆ ತೆರೆದೇ ಇರಬೇಕು. ಒಂದನ್ನು ಬೆರಳಿನಿಂದ ಒತ್ತಿಹಿಡಿದು ಇನ್ನೊಂದರಿಂದ ರಭಸವಾಗಿ ಸೀದರೆ ಒಳಗಿನ ನೀರೂ ಸಿಂಬಳವೂ ಕಿವಿಯ ಕೊಳವೆಗೆ ನುಗ್ಗುತ್ತವೆ. ಕಿವಿನೋವಿನ ದೂರುಗಳ ಹಿಂದೆ ಈ ರಭಸ ಇರುವುದುಂಟು.

ರಕ್ತದೊತ್ತಡ ಹೆಚ್ಚಿರುವವರು, ತಲೆಸುತ್ತು ಬರುವವರು ತಲೆಯನ್ನು ಪೂರ್ತಿ ಇಳಿಬಿಡದೆ, ಕುರ್ಚಿಯಲ್ಲಿ ಕೂತು ಸ್ವಲ್ಪವೇ ಮುಂದೆ ಬಾಗಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿ. ಅವರಿಗೆ ಜೋರಿನ ಕಪಾಲಭಾತಿ, ಅಂದರೆ ಹೊಟ್ಟೆಯನ್ನು ಒಳಕ್ಕೆಳೆದು ರಭಸವಾಗಿ ಉಸಿರು ಹೊರದೂಡುವ ಯೋಗಕ್ರಿಯೆ, ಬೇಡ. ಮುಗಿದ ಕೂಡಲೇ ಸ್ಕೂಟರ್ ಹತ್ತಿ ಚಳಿಗಾಳಿಗೆ ಮುಖ ಒಡ್ಡುವುದು, ಮಲಗುವುದು ಎರಡೂ ಸಲ್ಲದು. ರಾತ್ರಿ ಮಾಡುವವರು ಮಲಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ಮುಗಿಸಿರಬೇಕು.

## ಹಂತ 7: ಪಾತ್ರೆಯನ್ನು ತೊಳೆದಿಡುವುದು

ಸೋಪಿನ ನೀರಿನಲ್ಲಿ ಒಳಗೂ ಮೂತಿಯೊಳಗೂ ತೊಳೆದು, ಕೊನೆಯ ಜಾಲಾಡುವಿಕೆಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ, ಬೋರಲು ಹಾಕಿ ಪೂರ್ತಿ ಒಣಗಲು ಬಿಡಿ. ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲಲ್ಲ, ಗಾಳಿ ಬೆಳಕಿರುವ ಅಡುಗೆಮನೆಯಲ್ಲಿ.

## ಎಷ್ಟು ಸಲ, ಯಾವಾಗ

ಬೆಳಗಿನ ಹೊತ್ತೇ ಆಗಬೇಕೆಂಬ ಕಟ್ಟುನಿಟ್ಟು ನನಗೆ ಸರಿಯೆನಿಸುವುದಿಲ್ಲ. ರಾಗಿ ಒಕ್ಕಣೆಯಲ್ಲಿ, ಗಾರೆ ಕೆಲಸದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನವಿಡೀ ಧೂಳು ಕುಡಿದವರಿಗೆ ಸಂಜೆ ಮನೆಗೆ ಬಂದಾಗ ಮೂಗು ತೊಳೆಯುವುದರಿಂದಲೇ ಹೆಚ್ಚು ಪ್ರಯೋಜನ. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಹೂಬಿಟ್ಟಾಗ ಸೀನು ಸುರುವಾಗುವವರು ಆ ದಿನಗಳಲ್ಲಿ ದಿನಕ್ಕೊಮ್ಮೆ ಮಾಡಬಹುದು. ಊಟವಾದ ತಕ್ಷಣ ಮಾತ್ರ ಬೇಡ, ಬಾಗಿದಾಗ ಹೊಟ್ಟೆ ತೊಳಸುತ್ತದೆ. ಯಾವ ತೊಂದರೆಯೂ ಇಲ್ಲದವರು ವರ್ಷಪೂರ್ತಿ ದಿನವೂ ಮಾಡುವ ಅಗತ್ಯವಿಲ್ಲ. ಮೂಗಿನ ಲೋಳೆ ಕೊಳೆಯಲ್ಲ, ಅದು ಧೂಳನ್ನೂ ರೋಗಾಣುವನ್ನೂ ಹಿಡಿದಿಡುವ ಕಾವಲು. ವಾರಕ್ಕೆ ಒಂದೆರಡು ಸಲ ಸಾಕು.

ವೈದ್ಯರು ಬರೆದುಕೊಟ್ಟ ಮೂಗಿನ ಸ್ಪ್ರೇ ಬಳಸುವವರು ಮೊದಲು ಜಲನೇತಿ ಮಾಡಿ, ಚೆನ್ನಾಗಿ ಒಣಗಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹಾಕಿಕೊಳ್ಳಬೇಕು. ತಿರುಗಿಸಿ ಮಾಡಿದರೆ ದುಡ್ಡು ಕೊಟ್ಟ ಔಷಧಿ ಬೇಸಿನ್ನಿಗೆ ಹೋಗುತ್ತದೆ. ಜಲನೇತಿ ಆರಂಭಿಸಿದೆವೆಂದು ಆ ಸ್ಪ್ರೇಯನ್ನು, ಅಸ್ತಮಾದ ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು.

## ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕಾದ ಲಕ್ಷಣಗಳು

ಮೊದಲೆರಡು ಸಲ ಸಣ್ಣಗೆ ಚುರುಗುಟ್ಟುವುದು, ಕಣ್ಣಲ್ಲಿ ನೀರು ಬರುವುದು, ನಾಲ್ಕಾರು ಸೀನು ಸಹಜ. ಕಿವಿಯಲ್ಲಿ ಗುಂಯ್ ಎನ್ನುವುದು ಒಂದೆರಡು ಗಂಟೆಯಲ್ಲಿ ಇಳಿಯಬೇಕು. ಮರುದಿನವೂ ಇದ್ದರೆ ಅಥವಾ ನೋವಾಗಿ ತಿರುಗಿದರೆ ನೇತಿಯನ್ನು ನಿಲ್ಲಿಸಿ ತೋರಿಸಿಕೊಳ್ಳಿ. ಹೊರಬಂದ ನೀರಿನಲ್ಲಿ ಪ್ರತಿ ಸಲ ರಕ್ತದ ಎಳೆ, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸ್ರಾವ, ಹತ್ತು ದಿನ ಕಳೆದರೂ ಇಳಿಯದ ಅಥವಾ ಇಳಿದು ಮತ್ತೆ ಏರಿದ ಮುಖದ ನೋವು ಇದ್ದರೂ ಹಾಗೆಯೇ. ಕಣ್ಣಿನ ಸುತ್ತ ಊತ ಬಂದರೆ, ದೃಷ್ಟಿ ಮಂಜಾದರೆ ಅದೇ ದಿನ ಹೋಗಬೇಕು.

ಮೂಗಿಗೆ ನೀರು ಹಾಕಿಕೊಂಡ ಹನ್ನೆರಡು ದಿನಗಳೊಳಗೆ ಜ್ವರದೊಂದಿಗೆ ಸಹಿಸಲಾಗದ ತಲೆನೋವು, ವಾಂತಿ, ಕತ್ತು ಬಿಗಿಯುವುದು, ಮಂಕು ಅಥವಾ ಅಸಂಬದ್ಧ ಮಾತು ಕಾಣಿಸಿಕೊಂಡರೆ ಮಾತ್ರೆ ನುಂಗಿ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ವೈದ್ಯರು ಕೇಳದಿದ್ದರೂ, ರೋಗಿ ಮೂಗು ತೊಳೆಯುವ ಅಭ್ಯಾಸದವರೆಂದೂ ಯಾವ ನೀರನ್ನು ಬಳಸಿದರೆಂದೂ, ಈಚೆಗೆ ಕೆರೆ ಹೊಳೆಗಳಲ್ಲಿ ಈಜಿದ್ದರೆ ಅದನ್ನೂ ಜೊತೆಗೆ ಹೋದವರು ಮೊದಲೇ ಹೇಳಬೇಕು. ಅಮೀಬಾದ ಸೋಂಕು ಮೇಲ್ನೋಟಕ್ಕೆ ಸಾಮಾನ್ಯ ಮೆದುಳುಜ್ವರದಂತೆಯೇ ಕಾಣುವುದರಿಂದ, ಈ ಮಾಹಿತಿಯಿಲ್ಲದೆ ಬೆನ್ನುಮೂಳೆಯಿಂದ ತೆಗೆದ ದ್ರವದಲ್ಲಿ ಅದನ್ನು ಹುಡುಕಬೇಕೆಂದು ಯಾರಿಗೂ ಹೊಳೆಯದೆ ಹೋಗಬಹುದು.